ಐಇಎಲ್‌ಟಿಎಸ್ ಓದುವಿಕೆ: ಮೊದಲು ಪಠ್ಯವೋ, ಪ್ರಶ್ನೆಯೋ?

ಐಇಎಲ್‌ಟಿಎಸ್ ಅಕಾಡೆಮಿಕ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ ಓದುವಿಕೆ ವಿಭಾಗದಲ್ಲಿ 60 ನಿಮಿಷಗಳೊಳಗೆ ಮೂರು ಪಠ್ಯಗಳನ್ನು ಓದಿ 40 ಪ್ರಶ್ನೆಗಳಿಗೆ ಉತ್ತರಿಸಬೇಕಾಗಿರುವುದರಿಂದ, ಯಾವುದನ್ನು ಮೊದಲು ಓದಬೇಕೆಂಬ ಪ್ರಶ್ನೆ ಸಹಜವಾದದ್ದು.

ಸಮಯವೇ ಮುಖ್ಯ ಚಿಂತೆಯಾಗಿದ್ದರೆ ಪ್ರಶ್ನೆಗಳಿಂದ ಆರಂಭಿಸುವುದು ಲಾಭಕರ. ವಾಕ್ಯ ಪೂರ್ಣಗೊಳಿಸುವಂಥ ಪ್ರಶ್ನೆಗಳ ಉತ್ತರಗಳು ಪಠ್ಯದಲ್ಲಿ ಅದೇ ಕ್ರಮದಲ್ಲಿ ಬರುವುದರಿಂದ, ಇಸವಿ, ಅಂಕಿ, ಹೆಸರುಗಳ ಜಾಡು ಹಿಡಿದು ಸಾಗಬಹುದು. ಆದರೆ ಪ್ರಶ್ನೆಯ ಪದಗಳು ಪಠ್ಯದಲ್ಲಿ ಹೆಚ್ಚಾಗಿ ಬೇರೆ ಮಾತುಗಳಲ್ಲಿ ಇರುತ್ತವೆ. ಪದಸಂಪತ್ತು ಕಡಿಮೆಯಿರುವವರು ಇಲ್ಲಿ ದಾರಿ ತಪ್ಪುತ್ತಾರೆ.

ಪ್ಯಾರಾಗಳಿಗೆ ಶೀರ್ಷಿಕೆ ಹೊಂದಿಸುವ ಪ್ರಶ್ನೆಗಳಲ್ಲಿ ಪಠ್ಯವನ್ನು ಮೊದಲು ಓದುವುದೇ ಮೇಲು, ಏಕೆಂದರೆ ಅಲ್ಲಿ ಬೇಕಿರುವುದು ಬಿಡಿ ಮಾಹಿತಿಯಲ್ಲ, ಪ್ಯಾರಾದ ತಿರುಳು.

ನಿಖರತೆಯ ನಿಜವಾದ ಪರೀಕ್ಷೆ ‘ಟ್ರೂ, ಫಾಲ್ಸ್, ನಾಟ್ ಗಿವನ್’ (ಸರಿ, ತಪ್ಪು, ಪಠ್ಯದಲ್ಲಿ ಹೇಳಿಲ್ಲ) ಪ್ರಶ್ನೆಗಳದ್ದು. ಕಾರ್ಖಾನೆಯಲ್ಲಿ ಮಹಿಳೆಯರೂ ದುಡಿಯುತ್ತಿದ್ದರೆಂದು ಮಾತ್ರ ಪಠ್ಯ ಹೇಳಿ, ಅವರಿಗೆ ಪುರುಷರಿಗಿಂತ ಕಡಿಮೆ ಕೂಲಿ ಸಿಗುತ್ತಿತ್ತೆಂದು ಹೇಳಿಕೆಯಿದ್ದರೆ, ನಮ್ಮ ಲೋಕಜ್ಞಾನ ಏನೇ ಹೇಳಲಿ, ಉತ್ತರ ‘ನಾಟ್ ಗಿವನ್’. ಇಲ್ಲಿ ಹೇಳಿಕೆಯನ್ನು ಮೊದಲು ಓದಿ, ಸಂಬಂಧಿಸಿದ ಎರಡು ಮೂರು ವಾಕ್ಯಗಳನ್ನು ಅತ್ಯಂತ ನಿಧಾನವಾಗಿ ಓದುವುದನ್ನು ನಾನು ಒತ್ತಿ ಹೇಳುತ್ತೇನೆ.

ಇಂಗ್ಲಿಷ್ ಪತ್ರಿಕೆಗಳನ್ನು ನಿತ್ಯ ಓದುವವರಿಗೆ ಪಠ್ಯದ ಮೇಲೆ ಮೊದಲು ಎರಡು ನಿಮಿಷ ಕಣ್ಣಾಡಿಸುವುದು ಹೊರೆಯಾಗದು. ಓದಿನ ವೇಗ ಕಡಿಮೆಯಿರುವವರು, ಪರೀಕ್ಷೆ ಹತ್ತಿರವಿದ್ದರಂತೂ, ಪ್ರಶ್ನೆಗಳಿಂದಲೇ ತೊಡಗಲಿ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲದ್ದರಿಂದ ಯಾವ ಜಾಗವನ್ನೂ ಖಾಲಿ ಬಿಡಬಾರದು.