ಸೆಲ್ಫ್ ತಿರಗತೈತಿ, ಗಾಡಿ ಚಾಲೂ ಆಗವಲ್ದು: 17 ಸಾವಿರ ಕೊಟ್ಟ ಮ್ಯಾಲ ತಿಳಿದದ್ದು

ವಿಜಯಪುರದಾಗ ಹಳೇ ಪೆಟ್ರೋಲ್ ಗಾಡಿ ಇಟ್ಟವರು ಇದನ್ನ ಒಂದ್ಸಲ ಓದ್ರಿ. ಸ್ವಲ್ಪ ಉದ್ದ ಆಗ್ತೈತಿ, ಹೊಟ್ಟಿ ಉರದೈತಿ ಅದಕ್ಕ. ಗ್ಯಾರೇಜಿನ ಹೆಸರು ಹೇಳಂಗಿಲ್ಲ, ಕೇಳಬ್ಯಾಡ್ರಿ.

ನಂದು 2014ರ ಸಣ್ಣ ಗಾಡಿ, ಮೂರು ಸಿಲಿಂಡರಿಂದು. ಮೇ ತಿಂಗಳದಾಗ ಅಕ್ಕನ ಮಗಳ ಕುಬಸಕ್ಕ ಬಾಗಲಕೋಟಿಗೆ ಹೊಂಟಿದ್ವಿ, ಕೊಲ್ಹಾರದಾಗ ಮಸರು ತಗೋಬೇಕು ಅಂತ ಮನ್ಯಾಕಿ ಹಟ, ಗಡಗಿ ಬೋರಲ ಹಾಕಿದ್ರೂ ಬೀಳಂಗಿಲ್ಲ ಅಂತಾರಲ್ಲ ಆ ಮಸರು, ಸರಿ ಅಂತ ಗಾಡಿ ಬಂದ್ ಮಾಡಿ ಇಳದ್ವಿ. ಹತ್ತು ನಿಮಿಷ ಆಗಿರಬೇಕು, ಬಂದು ಕೀಲಿ ತಿರುವಿದ್ರ ಸೆಲ್ಫ್ ಜೋರ್ ತಿರಗತೈತಿ, ಇಂಜಿನ್ ಮಾತ್ರ ಹಿಡಿಯವಲ್ದು. ಕೆಮ್ಮೂದಿಲ್ಲ, ನಡಗೂದಿಲ್ಲ, ಸುಮ್ನ ತಿರಗತೈತಿ ಅಷ್ಟ. ಬಿಸಲು ಅಂದ್ರ ನೆತ್ತಿ ಸುಡೂವಂಥದ್ದು. ಬೇವಿನ ಗಿಡದ ಕೆಳಗ ಮುಕ್ಕಾಲು ತಾಸು ಕುಂತು ಮತ್ತ ಕೀಲಿ ತಿರುವಿದ್ರ ಒಂದ ಹೊಡತಕ್ಕ ಚಾಲೂ! ದೇವರ ದೊಡ್ಡಾಂವ ಅಂತ ಕುಬಸ ಮುಗಿಸಿ ಬಂದ್ವಿ.

ಆ ಮುಕ್ಕಾಲು ತಾಸಿನಾಗ ಪೂರಾ ಉತ್ತರ ಇತ್ತು ನೋಡ್ರಿ, ನನಗ ತಿಳೀಲಿಲ್ಲ.

ನಾಕು ದಿನಕ್ಕ ಗಾಂಧಿ ಚೌಕದಾಗ ಮತ್ತ ಹಂಗ ಆತು, ಹಿಂದ ಟಾಂಗಾ, ಆಟೋ, ಎಲ್ಲಾರೂ ಹಾರ್ನ್ ಹೊಡಿಯಾಕತ್ರು, ದೂಡಿ ಬಾಜೂಕ ಹಚ್ಚಿ ಟೋಯಿಂಗ್ ಕರದು ಗ್ಯಾರೇಜಿಗೆ ಒಯ್ದೆ, 1,500 ಅಲ್ಲೇ ಹೋತು. ಮೇಸ್ತ್ರಿ ಬಾನೆಟ್ ಎತ್ತೂದಕ್ಕಿಂತ ಮೊದಲ "ಬ್ಯಾಟರಿ ಹೋಗೈತ್ರಿ" ಅಂದ. ಸೆಲ್ಫ್ ಅಷ್ಟು ಜೋರ್ ತಿರಗೂ ಗಾಡೀಗೆ ಬ್ಯಾಟರಿ ಹೆಂಗ ಹೋಗಿರತೈತಿ, ವೀಕ್ ಇದ್ರ ಸೆಲ್ಫ್ ಎಳದಾಡಬೇಕಲ್ಲ? ಈಗ ಕೇಳಾಕ ಬರತೈತಿ ನನಗ, ಅವತ್ತು 4,800 ಎಣಿಸಿ ಕೊಟ್ಟೆ. ಸಂಜೀಕ ಗಾಡಿ ಚಾಲೂ ಆತು. ಮೂರು ದಿನಕ್ಕ ಮತ್ತ ನಿಂತು. ಈ ಸಲ ಪ್ಲಗ್, ಮೂರಕ್ಕ 900. ಮತ್ತ ಚಾಲೂ, ಮತ್ತ ಬಂದ್. ಆಮ್ಯಾಲ ಪೆಟ್ರೋಲ್ ಪಂಪ್, 7,800. ಮೂರೂ ಸಲದ ಮಜೂರಿ ಸೇರಿ 2,000 ಬ್ಯಾರೆ.

ಇಲ್ಲೇ ಮೋಸ ಹೋಗೂದು. ಗ್ಯಾರೇಜಿನಾಗ ಗಾಡಿ ನಾಕೈದು ತಾಸು ನಿಂದರತೈತಿ, ಇಂಜಿನ್ ತಣ್ಣಗ ಆಗತೈತಿ, ತಣ್ಣಗಾದ್ರ ತಾನ ಚಾಲೂ ಆಗತೈತಿ, ಹೆಸರು ಮಾತ್ರ ಹೊಸಾ ಸಾಮಾನಿಗೆ. ನಾನೂ "ಬರೋಬ್ಬರಿ ಹಿಡದಿರಿ ನೋಡ್ರಿ" ಅಂತ ಚಾ ಕುಡಿಸಿ ಬಂದೇನಿ. "ಕಾದಾಗ ಅಷ್ಟ ಹಿಂಗ ಆಗತೈತ್ರಿ" ಅಂತ ಎರಡು ಸಲ ಹೇಳಿದ್ದೆ, ಅಂವ ಕಿವಿಗೆ ಹಾಕೊಳ್ಳಲಿಲ್ಲ. ಹಳೇ ಪಂಪ್ ಕೊಡ್ರಿ ಅಂದ್ರ "ಗುಜರಿಗೆ ಹೋತ್ರಿ" ಅಂದ. ನಾಕನೇ ಸಲಕ್ಕ ಸ್ಕ್ಯಾನರ್ ಹಚ್ಚಿದ, ಯಾವ ಸಾಮಾನು ಕೆಟ್ಟೈತಿ ಅಂತ ಹೇಳೂ ಕೋಡ್ ಏನೂ ಬರಲಿಲ್ಲ, ಅಂದಮ್ಯಾಲ ಇಸಿಎಂ, ಅಂದ್ರ ಇಂಜಿನ್ ನಡಸೂ ಕಂಪ್ಯೂಟರ್, ಹೋಗೈತಿ, 22 ಸಾವಿರ ಆಗತೈತಿ ಅಂದ. ಕೋಡ್ ಇಲ್ಲ ಅಂದ್ರ ಇಸಿಎಂ ಹೋಗೈತಿ ಅನ್ನೂದು ಯಾವ ಊರ ಲೆಕ್ಕ?

ಅಲ್ಲಿಂದ ಗಾಡಿ ಬಿಡಿಸಿಕೊಂಡು ಬಂದೆ. ದೋಸ್ತ ಒಬ್ಬಾಂವ ಅಥಣಿ ರಸ್ತೇದಾಗಿನ ಒಬ್ಬ ವಯಸ್ಸಾದ ವೈರಿಂಗ್ ಮೇಸ್ತ್ರಿ ಕಡೆ ಕರ್ಕೊಂಡು ಹೋದ. ಅಜ್ಜ ಪಾನಾ ಮುಟ್ಟಲಿಲ್ಲ. ಮೊದಲ ಗಾಡಿ ಕಾಯೂತನಕ ಓಡಿಸ್ಯಾಡಿ ತಾ ಅಂದ, ತಂದು ಬಂದ್ ಮಾಡಿ ಹತ್ತು ನಿಮಿಷ ಬಿಟ್ವಿ, ಗಾಡಿ ಮತ್ತ ಮುನಿಸ್ಕೊಂತು. ಆಗ ಅಜ್ಜ ನನ್ನ ಬಾಜೂಕ ಕುಂತು "ಸೆಲ್ಫ್ ಹೊಡಿ, ಆ ಮುಳ್ಳು ನೋಡು" ಅಂದ. ಆರ್‌ಪಿಎಂ ಮುಳ್ಳು, ಇಂಜಿನ್ ನಿಮಿಷಕ್ಕ ಎಷ್ಟು ಸುತ್ತು ತಿರಗತೈತಿ ಅಂತ ತೋರಸೂದು. ಸೊನ್ನಿ ಮ್ಯಾಲ ಸತ್ತಂಗ ಬಿದ್ದಿತ್ತು. ತಣ್ಣಗಿದ್ದಾಗ ಸೆಲ್ಫ್ ಹೊಡದ್ರ ಚೂರು ಎದ್ದು 200ರ ಹತ್ತಿರ ಅಲಗ್ಯಾಡತೈತಿ, ನಾನ ಎಂದೂ ನೋಡಿರಲಿಲ್ಲ ಅಷ್ಟ. ಆಮ್ಯಾಲ ಒಂದು ಅರಬಿ ತಣ್ಣೀರಾಗ ಅದ್ದಿ, ಹಿಂಡಿ, ಗೇರ್‌ಬಾಕ್ಸ್ ಕಡೆ ಕೈ ಹಾಕಿ ಒಂದು ಸಣ್ಣ ಸಾಮಾನಿಗೆ ಸುತ್ತಿದ. ಎರಡು ನಿಮಿಷಕ್ಕ ಇನ್ನೊಂದ್ಸಲ ಸುತ್ತಿದ. ಹೊಡಿ ಅಂದ. ಮುಳ್ಳು ಎದ್ದಿತು, ಇಂಜಿನ್ ಹಿಡೀತು.

ಅದು ಕ್ರ್ಯಾಂಕ್ ಸೆನ್ಸರ್. ಹೆಬ್ಬೆರಳಿನಷ್ಟು ಐತಿ, ಬಿಚ್ಚಿದಾಗ ತುದೀಗೆ ಕರೀ ಕಬ್ಬಿಣದ ಪುಡಿ ಮೀಸಿ ಹಂಗ ಅಂಟಿತ್ತು, ಒಳಗ ಅಯಸ್ಕಾಂತ ಇರತೈತಲ್ಲ. ಕ್ರ್ಯಾಂಕ್ ಅಂದ್ರ ಇಂಜಿನ್ನಿನ ತಿರಗೂ ದಂಡ, ಅದರ ಜೋಡಿ ತಿರಗೂ ಹಲ್ಲಿನ ಚಕ್ರ ಈ ಸೆನ್ಸರಿನ ಮುಂದ ಹಾದು ಹೋದಂಗ ಅದು ಇಸಿಎಂಗೆ ಲೆಕ್ಕ ಕೊಡತೈತಿ. ಒಳಗ ಕೂದಲೆಳಿ ಅಂಥಾ ತಾಮ್ರದ ತಂತಿ ಸುತ್ತಿರತೈತಿ, ಹಳೇದಾದ್ರ ಕಾದಾಗ ಅದು ಬಿಡತೈತಿ, ತಣ್ಣಗಾದ್ರ ಕೂಡತೈತಿ. ಲೆಕ್ಕ ಬರಲಿಲ್ಲ ಅಂದ್ರ ಇಂಜಿನ್ ತಿರಗಾಕತ್ತೈತಿ ಅನ್ನೂದ ಇಸಿಎಂಗೆ ಗೊತ್ತಾಗೂದಿಲ್ಲ, ಪ್ಲಗ್ಗಿಗೆ ಕರೆಂಟ್ ಬಿಡಂಗಿಲ್ಲ, ಪೆಟ್ರೋಲ್ ಚಿಮ್ಮಸೂ ಇಂಜೆಕ್ಟರ್ ತೆರಿಯಂಗಿಲ್ಲ, ಪೆಟ್ರೋಲ್ ಪಂಪನ್ನೂ ಬಂದ್ ಮಾಡತೈತಿ. ಅದಕ್ಕ ಆ ಗ್ಯಾರೇಜಿನಾಂವಗ ಪಂಪ್ ಸತ್ತಂಗ ಕಂಡಿತ್ತು! ಹೊಸಾ ಸೆನ್ಸರ್ 1,400, ಅಜ್ಜನ ಕೈಗೆ 300 ಕೊಟ್ಟೆ.

ನಿಮ್ಮ ಗಾಡಿ ಹಿಂಗ ಮಾಡಿದ್ರ ರೊಕ್ಕ ತಗಿಯೂಕಿಂತ ಮೊದಲ ನೀವ ಒಂದೀಟು ನೋಡ್ರಿ. ಕೀಲಿ ಆನ್ ಮಾಡಿದ ಕೂಡ್ಲೆ ಹಿಂದಿನ ಸೀಟಿನ ಕೆಳಗ ಎರಡು ಸೆಕೆಂಡ್ ಗುಂಯ್ ಅಂತ ಸಪ್ಪಳ ಬಂತಂದ್ರ ಪಂಪ್ ಜೀವಂತ ಐತಿ. ಬರಲಿಲ್ಲ ಅಂದ್ರೂ ಪಂಪ್ ಅಂತ ಕುಣೀಬ್ಯಾಡ್ರಿ, ಮೊದಲ ಫ್ಯೂಸ್ ನೋಡ್ರಿ, ಪಂಪಿಗೆ ಕರೆಂಟ್ ಬಿಡೂ ಸಣ್ಣ ಸ್ವಿಚ್, ರಿಲೇ ಅಂತಾರ, ಅದನ್ನ ನೋಡ್ರಿ, ಬಾಳ ಗಾಡಿಯಾಗ ಹಾರ್ನಿನ ರಿಲೇ ಅದೇ ನಂಬರಿಂದ ಇರತೈತಿ, ಅದಲು ಬದಲು ಮಾಡಿದ್ರ ಐದು ನಿಮಿಷಕ್ಕ ಗೊತ್ತಾಗತೈತಿ. ಮೀಟರಿನಾಗ ಕೀಲಿ ಗುರುತು ಮಿಣುಕಾಕತ್ತಿದ್ರ ಅದು ಇಮೊಬಿಲೈಸರ್, ಅಂದ್ರ ಕೀಲಿ ಗುರುತು ಹಿಡೀಲಿಲ್ಲ ಅಂದ್ರ ಗಾಡಿ ಚಾಲೂ ಆಗಗೊಡದ ಕಳ್ಳತನದ ಲಾಕ್, ಮನ್ಯಾಗಿನ ಎರಡನೇ ಕೀಲಿ ತರಿಸ್ರಿ. ಮುಳ್ಳಿನ ಲೆಕ್ಕ ಎಲ್ಲಾ ಗಾಡಿಗೂ ನಡಿಯಂಗಿಲ್ಲ, ಕೆಲವು ಗಾಡಿಯಾಗ ಸೆಲ್ಫ್ ಹೊಡಿವಾಗ ಅದು ಏಳೂದ ಇಲ್ಲ, ಅದಕ್ಕ ಗಾಡಿ ಛಲೋ ಇದ್ದಾಗನ ಒಮ್ಮೆ ನೋಡಿ ಇಟ್ಕೋರಿ. ಸಿಟ್ಟಿಗೆದ್ದು ಸೆಲ್ಫ್ ಹಿಡಕೊಂಡ ಕುಂದರಬ್ಯಾಡ್ರಿ, ಹತ್ತು ಸೆಕೆಂಡ್ ಹೊಡದು ಅರ್ಧ ನಿಮಿಷ ಬಿಡ್ರಿ, ಇಲ್ಲಂದ್ರ ಸೆಲ್ಫ್ ಮೋಟರಿಗೆ ಬ್ಯಾರೆ ಬಿಲ್ ಆಗತೈತಿ. ಯಾವ ಸಾಮಾನು ಬದಲಿ ಮಾಡಿದ್ರೂ ಹಳೇದು ಕೈಯಾಗ ಇಸಗೋರಿ. ಮತ್ತ "ಪ್ಲಗ್ಗಿಗೆ ಕರೆಂಟ್ ಬರಾಕತ್ತೈತೇನು, ಪೆಟ್ರೋಲ್ ಪ್ರೆಷರ್ ಎಷ್ಟೈತಿ, ಅಳದು ತೋರಸ್ರಿ" ಅಂತ ಕೇಳ್ರಿ, ತಡವರಿಸಿದ್ರ ಗಾಡಿ ಅಲ್ಲಿ ಬಿಡಬ್ಯಾಡ್ರಿ.

ನಿನ್ನೆ ಆ ಗ್ಯಾರೇಜಿನಿಂದ ಮತ್ತ ಫೋನ್ ಬಂದಿತ್ತು, "ಸರ್, ಇಸಿಎಂ ಆರ್ಡರ್ ಹಾಕೂದೇನ್ರಿ, ಅರ್ಧಾ ರೊಕ್ಕ ಅಡ್ವಾನ್ಸ್ ಹಾಕ್ರಿ" ಅಂತ.