ಸಿಲಬಲ್ ಬಿಡಿಸುವ ಆ್ಯಪ್: ಸ್ಪೆಲಿಂಗ್‌ಗೆ ಒಳ್ಳೆಯದು, ಉಚ್ಚಾರಣೆಗೆ ಸಾಲದು

ಇಂಗ್ಲಿಷ್ ಪದವೊಂದನ್ನು ಟೈಪ್ ಮಾಡಿದೊಡನೆ ಅದನ್ನು ಸಿಲಬಲ್‌ಗಳಾಗಿ, ಅಂದರೆ ಒಂದೊಂದು ಸ್ವರವಿರುವ ಉಚ್ಚಾರಣೆಯ ತುಂಡುಗಳಾಗಿ ಬಿಡಿಸಿ, ನಡುವೆ ಗೆರೆಯಿಟ್ಟು ತೋರಿಸುವ ಉಚಿತ ಆ್ಯಪ್ ಒಂದನ್ನು ಕೆಲಕಾಲದಿಂದ ಬಳಸುತ್ತಿದ್ದೇನೆ. ಸ್ಪೆಲಿಂಗ್ ಕಲಿಯುವವರಿಗೆ ಇದು ನಿಜಕ್ಕೂ ನೆರವಾಗುತ್ತದೆ. ‘ಡಿನ್ನರ್’ ಪದವನ್ನು ಡಿನ್-ನರ್ ಎಂದೂ ‘ಡೈನರ್’ ಪದವನ್ನು ಡೈ-ನರ್ ಎಂದೂ ಅದು ಬಿಡಿಸುತ್ತದೆ. ಸಿಲಬಲ್ ವ್ಯಂಜನದಲ್ಲಿ ಮುಗಿದರೆ ಅದರ ಸ್ವರ ಹ್ರಸ್ವವಾಗುವುದೂ ಸ್ವರದಲ್ಲೇ ಮುಗಿದರೆ ದೀರ್ಘವಾಗುವುದೂ ಇಂಗ್ಲಿಷಿನಲ್ಲಿ ಸಾಮಾನ್ಯವಾದ್ದರಿಂದ, ಮೊದಲನೆಯದಕ್ಕೆ ಎರಡು ‘ಎನ್’ ಏಕೆ ಬೇಕು, ಎರಡನೆಯದಕ್ಕೆ ಒಂದೇ ಏಕೆ ಸಾಕು ಎಂಬುದು ವಿವರಣೆಯಿಲ್ಲದೆಯೇ ಕಣ್ಣಿಗೆ ಕಾಣುತ್ತದೆ. ‘ಸಪ್ಪರ್’ ಮತ್ತು ‘ಸೂಪರ್’ ಪದಗಳಲ್ಲಿ ‘ಪಿ’ಯ ಲೆಕ್ಕವೂ ಹೀಗೆಯೇ. ಮಾತಿನಲ್ಲಿ ಎರಡೇ ಸಿಲಬಲ್ ಇರುವ ‘ವೆನ್ಸ್‌ಡೇ’ ಪದವನ್ನು ಬರೆಯುವಾಗ ವೆಡ್-ನೆಸ್-ಡೇ ಎಂದು ಬಿಡಿಸಿ ಹೇಳಿಕೊಂಡರೆ ‘ಡಿ’ ಅಕ್ಷರ ಬಿಟ್ಟುಹೋಗುವುದಿಲ್ಲ.

ಉಚ್ಚಾರಣೆಯ ವಿಷಯ ಬೇರೆ. ಎರಡೆರಡು ಸಿಲಬಲ್‌ಗಳಿರುವ ‘ಅಬೌಟ್’, ‘ಹ್ಯಾಪಿ’, ‘ಪ್ರೆಸೆಂಟ್’, ‘ಪ್ರಾಜೆಕ್ಟ್’ ಪದಗಳನ್ನು ಈ ಆ್ಯಪ್ ಬಿಡಿಸದೆ ಇಡಿಯಾಗಿಯೇ ತೋರಿಸುತ್ತದೆ. ಇದು ಸಾಲಿನ ಕೊನೆಯಲ್ಲಿ ಪದ ಒಡೆಯಲು ರೂಪಿಸಿದ ವಿಧಾನದ ಗುರುತು. ಅಂಥ ವಿಧಾನಗಳಲ್ಲಿ ಪ್ರಸಿದ್ಧವಾದುದು ಫ್ರಾಂಕ್ಲಿನ್ ಲಿಯಾಂಗ್ ಅವರು 1983ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದಲ್ಲಿದೆ, ಅಕ್ಷರಜೋಡಣೆಯ ತಂತ್ರಾಂಶವಾದ ಟೆಕ್ ಅದನ್ನೇ ಬಳಸುತ್ತದೆ. ಇಂಗ್ಲಿಷ್ ಪದ ಒಡೆಯುವಾಗ ಟೆಕ್ ಸಾಮಾನ್ಯವಾಗಿ ಗೆರೆಯ ಮೊದಲು ಕನಿಷ್ಠ 2, ಅನಂತರ ಕನಿಷ್ಠ 3 ಇಂಗ್ಲಿಷ್ ಅಕ್ಷರಗಳನ್ನು ಉಳಿಸುತ್ತದೆ; ಅದಕ್ಕೇ ‘ಅಬೌಟ್’, ‘ಹ್ಯಾಪಿ’ ಪದಗಳು ಒಡೆಯುವುದಿಲ್ಲ. ‘ಪ್ರೆಸೆಂಟ್’, ‘ಪ್ರಾಜೆಕ್ಟ್’ ಪದಗಳಂತೂ ಒಡೆಯಬಾರದವೆಂದು ಅದರ ಪಟ್ಟಿಯಲ್ಲೇ ಇವೆ, ಏಕೆಂದರೆ ನಾಮಪದವಾದಾಗ ಒಂದು ಕಡೆ, ಕ್ರಿಯಾಪದವಾದಾಗ ಇನ್ನೊಂದು ಕಡೆ ಅವು ಒಡೆಯುತ್ತವೆ. ಮುದ್ರಣದಲ್ಲಿ ಇದು ವಿವೇಕದ ಎಚ್ಚರಿಕೆ. ಆದರೆ ಉಚ್ಚಾರಣೆ ಕಲಿಯಬೇಕಾದವರಿಗೆ ಈ ಎರಡು ರೂಪಗಳ ವ್ಯತ್ಯಾಸವೇ ಮುಖ್ಯ, ಅದನ್ನೇ ಆ್ಯಪ್ ಮರೆಮಾಡುತ್ತದೆ.

ಇದಕ್ಕಿಂತ ದೊಡ್ಡ ಕೊರತೆಯೆಂದರೆ ಯಾವ ಸಿಲಬಲ್ ಮೇಲೆ ಒತ್ತು ಬೀಳಬೇಕೆಂದು ಎಲ್ಲಿಯೂ ಸೂಚಿಸದಿರುವುದು. ‘ಫೋಟೋಗ್ರಾಫ್’ ಪದದಲ್ಲಿ ಒತ್ತು ಮೊದಲ ಸಿಲಬಲ್ ಮೇಲಿದ್ದರೆ ‘ಫೋಟೋಗ್ರಾಫರ್’ ಪದದಲ್ಲಿ ಎರಡನೆಯದಕ್ಕೆ ಸರಿಯುತ್ತದೆ. ಒತ್ತಿನ ಜೊತೆಗೆ ಸ್ವರಗಳೂ ಬದಲಾಗಿ, ಒತ್ತು ಕಳೆದುಕೊಂಡ ಮೊದಲ ‘ಒ’ ಅಸ್ಪಷ್ಟವಾದ ‘ಅ’ಕಾರಕ್ಕೆ ಇಳಿಯುತ್ತದೆ. ಆ್ಯಪ್‌ನ ಧ್ವನಿಯಾದರೋ ಪ್ರತಿ ತುಂಡನ್ನೂ ಸಮಾನ ಬಲದಲ್ಲಿ ನುಡಿಯುತ್ತದೆ. ಹಾಗೆಯೇ ಅನುಕರಿಸಿದರೆ ಕೇಳುವವರಿಗೆ ಪದ ಗುರುತಾಗುವುದೇ ಕಷ್ಟ. ಆದ್ದರಿಂದ ಸ್ಪೆಲಿಂಗ್ ಅಭ್ಯಾಸಕ್ಕೆ ಮಾತ್ರ ಇದನ್ನು ಶಿಫಾರಸು ಮಾಡುತ್ತೇನೆ; ಉಚ್ಚಾರಣೆಗೆ ಒತ್ತಿನ ಚಿಹ್ನೆಯನ್ನೂ ಇಡೀ ಪದದ ಧ್ವನಿಯನ್ನೂ ಕೊಡುವ ನಿಘಂಟನ್ನು ಜೊತೆಗಿಟ್ಟುಕೊಳ್ಳಬೇಕು.