ಬಣ್ಣದ ಹಿಡಿ ನೋಡಿ ತಗಡು ಕತ್ತರಿ ಕೊಳ್ಳಬೇಡಿ

ಮಳೆಗಾಲ ಹತ್ತಿರವಾದರೆ ಮಲೆನಾಡಿನಲ್ಲಿ ಮಾಡಿನ ಶೀಟು, ದೋಣಿ, ಇಳಿಪೈಪುಗಳ ಕೆಲಸ ಒಮ್ಮೆಲೇ ಮೈಮೇಲೆ ಬೀಳುತ್ತದೆ. ಹಾರ್ಡ್‌ವೇರ್ ಅಂಗಡಿಗಳಿಗೂ ಅದು ಗೊತ್ತು. ಕೆಂಪು, ಹಸಿರು, ಹಳದಿ ಹಿಡಿಗಳ ಮೂರು ತಗಡು ಕತ್ತರಿಗಳನ್ನು ಒಂದೇ ಪ್ಲಾಸ್ಟಿಕ್ ಪೊಟ್ಟಣದಲ್ಲಿಟ್ಟು, ‘ಒಂದರ ಬೆಲೆಗೆ ಮೂರು’ ಎಂದು ಬಾಗಿಲ ಬಳಿಯೇ ನೇತುಹಾಕುತ್ತಾರೆ. ಅದಕ್ಕೆ ಕೈಚಾಚುವ ಮುನ್ನ ಇದನ್ನೊಮ್ಮೆ ಓದಿ. ಸಾಗರದ ಸುತ್ತಮುತ್ತ ಮನೆಗಳಿಗೆ ಮಳೆನೀರಿನ ದೋಣಿ ಕೂರಿಸುವುದು ನನ್ನ ಹೊಟ್ಟೆಪಾಡು. ಅಂಥ ಒಂದು ಪೊಟ್ಟಣದ ದೆಸೆಯಿಂದ ನಮ್ಮ ಹುಡುಗನ ಅಂಗೈಗೆ ಹೊಲಿಗೆ ಬಿದ್ದಿದೆ, ಒಂದು ಮನೆಯ ದೋಣಿಯ ತಗಡು ಗುಜರಿ ಸೇರಿದೆ.

ಅಂಗಡಿಯವರು ‘ಏವಿಯೇಷನ್ ಕಟರ್’ ಎಂದು ಕೊಡುವ ಕತ್ತರಿ ಇದು. ವಿಮಾನದ ತಗಡು ಕೆಲಸದಿಂದ ಬಂದ ಹೆಸರು. ಹಿಡಿಗೂ ಅಲಗಿಗೂ ನಡುವೆ ಇನ್ನೊಂದು ಕೀಲು ಇರುವುದರಿಂದ ಕೈಯ ಬಲ ಹಲವು ಪಟ್ಟಾಗಿ ಅಲಗಿಗೆ ತಲುಪುತ್ತದೆ. ಬಣ್ಣಕ್ಕೂ ಅರ್ಥವಿದೆ. ಹೆಚ್ಚಿನ ತಯಾರಕರು ಪಾಲಿಸುವ ರೂಢಿಯಂತೆ ಕೆಂಪು ಹಿಡಿಯದು ನೇರವಾಗಿಯೂ ಎಡಕ್ಕೆ ಬಳಸಿಯೂ ಕತ್ತರಿಸುತ್ತದೆ, ಹಸಿರಿನದು ನೇರವಾಗಿಯೂ ಬಲಕ್ಕೆ ಬಳಸಿಯೂ ಕತ್ತರಿಸುತ್ತದೆ, ಹಳದಿ ನೇರ ಕೆಲಸಕ್ಕೆ. ಕೆಂಪು ಹಿಡಿ ಎಡಗೈಯವರಿಗೆ, ಹಸಿರು ಬಲಗೈಯವರಿಗೆ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ನನಗೆ ಆ ಪೊಟ್ಟಣ ಮಾರಿದವರು ಹೇಳಿದ್ದೂ ಇದನ್ನೇ. ಬಣ್ಣ ಸೂಚಿಸುವುದು ಕತ್ತರಿ ಹೋಗುವ ದಿಕ್ಕನ್ನೇ ಹೊರತು ಹಿಡಿಯುವ ಕೈಯನ್ನಲ್ಲ.

ಹಳೆಯ ಕತ್ತರಿಗಳು ಸವೆದಿದ್ದವು, ಕೆಲಸ ತಲೆಯ ಮೇಲಿತ್ತು. ಪೊಟ್ಟಣದ ಮೇಲೆ ಹೆಸರಾಂತ ಕಂಪನಿಯೊಂದರ ಹೆಸರನ್ನೇ ಹೋಲುವ, ಒಂದಕ್ಷರವಷ್ಟೇ ಬೇರೆಯಾದ ಹೆಸರು. ಸಲಕರಣೆಗಳಿಗೆ ಬಳಸುವ ಗಟ್ಟಿ ಮಿಶ್ರ ಉಕ್ಕಿನ ಹೆಸರಾದ ‘ಕ್ರೋಮ್ ವನೇಡಿಯಂ’ ಎಂಬ ದಪ್ಪಕ್ಷರ. ಬಿಚ್ಚಿ ತೋರಿಸಿ ಎಂದರೆ, “ಬಿಚ್ಚಿದರೆ ಯಾರೂ ಕೊಳ್ಳುವುದಿಲ್ಲ ಸ್ವಾಮಿ, ಧೈರ್ಯವಾಗಿ ತೆಗೆದುಕೊಂಡು ಹೋಗಿ, ಸ್ಟೀಲನ್ನೂ ಬೆಣ್ಣೆಯ ಹಾಗೆ ಕತ್ತರಿಸುತ್ತದೆ” ಎಂದರು.

ನಮ್ಮದು ಸ್ಟೇನ್‌ಲೆಸ್ ಸ್ಟೀಲೂ ಅಲ್ಲ, ಸತು ಲೇಪಿಸಿದ ಮೆದು ಉಕ್ಕಿನ, ಅರ್ಧ ಮಿಲಿಮೀಟರಿನ ಬಣ್ಣದ ಶೀಟು. ದೋಣಿಯ ತಳದಲ್ಲಿ ಇಳಿಪೈಪಿಗೆ ದುಂಡನೆಯ ತೂತು ಕೊರೆಯಬೇಕಿತ್ತು. ಹುಡುಗ ಕೆಂಪು ಹಿಡಿಯ ಕತ್ತರಿ ತೆಗೆದುಕೊಂಡ. ನೇರವಾಗಿ ಒಂದಷ್ಟು ಹೋಯಿತು, ಎಡಕ್ಕೆ ತಿರುಗಿಸಿದೊಡನೆ ತಗಡು ಸುಕ್ಕುಗಟ್ಟಿ ನಿಂತಿತು. “ಅಣ್ಣ, ಇದು ತಿರುಗುವುದೇ ಇಲ್ಲ” ಎಂದ. ಹಸಿರನ್ನು ಕೊಟ್ಟೆ, ಬಲಕ್ಕೂ ಅದೇ ಕಥೆ. ಆಗ ಮೂರನ್ನೂ ಜಗಲಿಯ ಮೇಲೆ ಸಾಲಾಗಿ ಇಟ್ಟು ನೋಡಿದೆ. ಮೂರರ ಬಾಯಿಯೂ ಒಂದೇ! ಅಲಗಿನ ಬಾಗು ಒಂದೇ, ಮೇಲಿನ ಅಲಗು ಕೆಳಗಿನದರ ಯಾವ ಪಕ್ಕಕ್ಕೆ ಇಳಿಯುತ್ತದೆ ಎಂಬುದೂ ಒಂದೇ. ನಿಜವಾದ ಕೆಂಪು ಮತ್ತು ಹಸಿರು ಕತ್ತರಿಗಳನ್ನು ಪಕ್ಕಪಕ್ಕ ಹಿಡಿದರೆ ಒಂದು ಇನ್ನೊಂದರ ಕನ್ನಡಿ ಬಿಂಬದಂತಿರಬೇಕು. ಇಲ್ಲಿ ನೇರ ಕತ್ತರಿಸುವ ಒಂದೇ ಅಚ್ಚಿನ ಕತ್ತರಿಗೆ ಮೂರು ಬಣ್ಣದ ರಬ್ಬರ್ ಚೀಲ ತೊಡಿಸಿದ್ದರು.

ಅಷ್ಟಕ್ಕೇ ಮುಗಿದಿದ್ದರೆ ದುಡ್ಡು ಹೋಯಿತೆಂದು ಸುಮ್ಮನಾಗುತ್ತಿದ್ದೆ. ನೇರ ಕೆಲಸಕ್ಕಾದರೂ ಆಗಲಿ ಎಂದು ಹುಡುಗ ಹಳದಿಯದರಿಂದ ದೋಣಿಯ ಅಂಚು ಸವರುತ್ತಿದ್ದ. ಅಲಗುಗಳನ್ನು ಸೇರಿಸುವ ಕೀಲಿನ ನಟ್ಟು ಹಿಡಿ ಒತ್ತಿದಂತೆಲ್ಲ ಒಂದೊಂದು ಎಳೆ ಸಡಿಲವಾಗುತ್ತಿತ್ತು. ಒಳ್ಳೆಯ ಕತ್ತರಿಯಲ್ಲಿ ಇದು ತಾನಾಗಿ ಬಿಚ್ಚಿಕೊಳ್ಳದಂತೆ ಬಿಗಿಹಿಡಿಯುವ ನಟ್ಟು. ಇಲ್ಲಿದ್ದುದು ಸಾಮಾನ್ಯ ನಟ್ಟು. ಅಲಗುಗಳ ನಡುವೆ ಸಂದಿ ಬಿತ್ತು, ತಗಡು ತುಂಡಾಗುವ ಬದಲು ಮಡಚಿಕೊಂಡು ಆ ಸಂದಿಗೆ ಹೊಕ್ಕಿತು. ಸಿಕ್ಕಿಬಿದ್ದುದನ್ನು ಬಿಡಿಸಲು ಅವನು ಇನ್ನಷ್ಟು ಒತ್ತಿದಾಗ ಕತ್ತರಿ ಪಕ್ಕಕ್ಕೆ ಹೊರಳಿತು, ತಗಡನ್ನು ಹಿಡಿದಿದ್ದ ಎಡಗೈ ಮುಂದಕ್ಕೆ ಜಾರಿ ಆಗಷ್ಟೇ ಕತ್ತರಿಸಿದ ಅಂಚಿನ ಮೇಲೆ ಹೋಯಿತು. ಹೆಬ್ಬೆರಳ ಬುಡದಿಂದ ಅಂಗೈ ನಡುವಿನವರೆಗೆ ಸೀಳು. ಕೈಗವಸು ಇತ್ತು, ನೂಲಿನದು. ತಗಡಿನ ಅಂಚಿಗೆ ನೂಲಿನ ಕೈಗವಸು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಚರ್ಮದ್ದೋ ಕೊಯ್ತ ತಡೆಯುವ ಹೆಣಿಗೆಯದ್ದೋ ಬೇಕು. ಇಂಥ ಗಾಯವಾದರೆ ಅರಿಶಿನ ತುಂಬಿ ಬಟ್ಟೆ ಕಟ್ಟಿ ಕೂರಬೇಡಿ. ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ, ಟಿಟಿ ಚುಚ್ಚುಮದ್ದಿನ ಬಗ್ಗೆ ಕೇಳಿ, ಬೆರಳು ಮಡಚಲು ಬಾರದಿದ್ದರೆ ಅಥವಾ ಜೋಮು ಹಿಡಿದಂತಿದ್ದರೆ ವೈದ್ಯರಿಗೆ ಅದನ್ನು ಬಿಡಿಸಿ ಹೇಳಿ. ನಮ್ಮ ಹುಡುಗನಿಗೆ ಅದೃಷ್ಟವಶಾತ್ ನರಕ್ಕೆ ತಾಗಿರಲಿಲ್ಲ.

ಮರುದಿನ ಆ ಅಲಗಿಗೆ ಅರ ಹಾಕಿ ನೋಡಿದೆ. ಹದ ಕೊಟ್ಟ ಗಟ್ಟಿ ಉಕ್ಕಾದರೆ ಅರ ಅದರ ಮೇಲೆ ಕಚ್ಚದೆ ಜಾರಬೇಕು. ಇದರಲ್ಲಿ ಮೊಳೆಯನ್ನು ಉಜ್ಜಿದಂತೆ ಪುಡಿ ಉದುರಿತು. ಅಲಗಿನ ಗರಗಸದಂಥ ಸಣ್ಣ ಹಲ್ಲುಗಳು ಆ ಒಂದು ದೋಣಿಗೇ ಅಲ್ಲಲ್ಲಿ ಚಪ್ಪಟೆಯಾಗಿದ್ದವು. ಆ ಹಲ್ಲುಗಳಿರುವುದು ತಗಡು ಮುಂದಕ್ಕೆ ಜಾರದಂತೆ ಹಿಡಿಯಲು. ಅವು ಹೋದರೆ ಕತ್ತರಿಯೂ ಹೋದಂತೆಯೇ.

ಕೊಳ್ಳುವಾಗ ನೋಡಬೇಕಾದ್ದು ಹಾಗಾದರೆ ಏನು? ಮೊದಲನೆಯದಾಗಿ, ಬಿಚ್ಚಿ ತೋರಿಸದ ಅಂಗಡಿಯಿಂದ ಎದ್ದು ಬನ್ನಿ. ಜೇಬಿನಲ್ಲಿ ನಿಮ್ಮದೇ ಕೆಲಸದ ಒಂದು ತುಂಡು ತಗಡು ಇರಲಿ, ಅಲ್ಲೇ ಕತ್ತರಿಸಿ ನೋಡಿ. ನೇರವಾಗಿ ಒಂದು, ತಿರುಗಿಸಿ ಒಂದು. ಬಾಯಿ ಮುಚ್ಚಿ ಬೆಳಕಿಗೆ ಹಿಡಿದಾಗ ಅಲಗುಗಳು ತುದಿಯವರೆಗೂ ಒಂದನ್ನೊಂದು ತಾಗಿರಬೇಕು, ಹಿಡಿಯನ್ನು ಅಡ್ಡಡ್ಡ ಅಲುಗಿಸಿದರೆ ಕೀಲಿನಲ್ಲಿ ಆಟ ಇರಬಾರದು. ಕೀಲಿಗೆ ರಿವೆಟ್ ಹೊಡೆದಿದ್ದರೆ ಬೇಡವೇ ಬೇಡ, ಸಡಿಲವಾದ ಮೇಲೆ ಅದನ್ನು ಬಿಗಿಗೊಳಿಸಲಾಗದು.

ಇನ್ನು ದಪ್ಪದ ಮಾತು. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು. ಒಳ್ಳೆಯ ಏವಿಯೇಷನ್ ಕತ್ತರಿಗಳ ಮೇಲೂ ಸಾಮಾನ್ಯವಾಗಿ ಬರೆದಿರುವ ಮಿತಿ ಮೆದು ಉಕ್ಕಿಗೆ 18 ಗೇಜ್, ಅಂದರೆ ಸುಮಾರು 1.2 ಮಿಲಿಮೀಟರ್, ಸ್ಟೇನ್‌ಲೆಸ್ ಸ್ಟೀಲಿಗೆ 22 ಗೇಜ್, ಅಂದರೆ ಮುಕ್ಕಾಲು ಮಿಲಿಮೀಟರಿನ ಆಸುಪಾಸು. ಕತ್ತರಿಸುತ್ತಿರುವಾಗಲೇ ಇನ್ನಷ್ಟು ಗಟ್ಟಿಯಾಗುವ ಲೋಹ ಸ್ಟೇನ್‌ಲೆಸ್, ಆದ್ದರಿಂದಲೇ ಅದಕ್ಕೆ ಮಿತಿ ಕಡಿಮೆ. ಈ ಮಿತಿ ಒಂದೇ ಪದರಕ್ಕೆ ಎಂಬುದನ್ನು ಯಾರೂ ಹೇಳುವುದಿಲ್ಲ. ಅರ್ಧ ಮಿಲಿಮೀಟರಿನ ಶೀಟನ್ನು ಮಡಚಿ ಕೊಂಡಿ ಹಾಕಿದ ಜೋಡಣೆಯಲ್ಲಿ ಮೂರು ನಾಲ್ಕು ಪದರ ಸೇರಿರುತ್ತವೆ, ದಪ್ಪ ಎರಡು ಮಿಲಿಮೀಟರಿಗೆ ಹತ್ತಿರವಾಗುತ್ತದೆ. ಅಲ್ಲಿ ಗಿಡ್ಡ ಅಲಗಿನ, ಉದ್ದ ಹಿಡಿಯ ಬುಲ್‌ಡಾಗ್ ಕತ್ತರಿ ಬೇಕು. ಏವಿಯೇಷನ್ ಕತ್ತರಿಯ ಹಿಡಿಗೆ ಪೈಪು ಸಿಕ್ಕಿಸಿ ಒತ್ತುವವರನ್ನೂ ಸುತ್ತಿಗೆಯಲ್ಲಿ ಬಡಿಯುವವರನ್ನೂ ಕಂಡಿದ್ದೇನೆ. ಅಸಲಿ ಕತ್ತರಿಯೂ ಅದನ್ನು ತಾಳುವುದಿಲ್ಲ.

ಉದ್ದನೆಯ ನೇರ ಕೆಲಸವೇ ಹೆಚ್ಚಿರುವವರಿಗೆ ಎರಡು ಕೀಲಿನ ಗೋಜು ಬೇಡ. ಉದ್ದ ಅಲಗಿನ ಹಳೆಯ ಮಾದರಿಯ ಟಿನ್ ಕತ್ತರಿ ಒಂದೇ ಒತ್ತಿಗೆ ಹೆಚ್ಚು ದೂರ ಹೋಗುತ್ತದೆ, ಅಂಚೂ ನುಣುಪಾಗಿರುತ್ತದೆ. ಏವಿಯೇಷನ್ ಕತ್ತರಿಯಲ್ಲೇ ಹೊರಬಾಗಿದ ಹಿಡಿಯ ಮಾದರಿ ಸಿಕ್ಕರೆ ಒಂದಿಷ್ಟು ಹೆಚ್ಚು ಕೊಟ್ಟಾದರೂ ಕೊಳ್ಳಿ. ಕೈ ತಗಡಿನ ಮೇಲ್ಮಟ್ಟದಲ್ಲೇ ಇರುತ್ತದೆ, ಅಂಚಿಗೆ ಗೆಣ್ಣು ಉಜ್ಜುವುದಿಲ್ಲ. ಯಾವುದೇ ಆದರೂ ಬಾಯಿಯನ್ನು ತುದಿಯವರೆಗೆ ಮುಚ್ಚದೆ ಮುಕ್ಕಾಲು ಭಾಗಕ್ಕೆ ನಿಲ್ಲಿಸಿ ಮುಂದೂಡಿ, ಇಲ್ಲದಿದ್ದರೆ ಪ್ರತಿ ಒತ್ತಿಗೂ ಅಂಚಿನಲ್ಲಿ ಒಂದೊಂದು ಮುಳ್ಳು ಏಳುತ್ತದೆ. ತಂತಿ, ಮೊಳೆ ಕತ್ತರಿಸಿದರೆ ಅಲಗಿಗೆ ಗೀರು ಬೀಳುತ್ತದೆ.

ಇಷ್ಟೆಲ್ಲ ತಾಪತ್ರಯ ಏಕೆ, ಗ್ರೈಂಡರ್ ಇಲ್ಲವೇ ಎಂದು ಕೇಳುವವರಿದ್ದಾರೆ. ಬಣ್ಣದ ಶೀಟಿಗೆ ಗ್ರೈಂಡರ್ ಹಚ್ಚಿದವರ ಮಾಡನ್ನು ಒಂದು ಮಳೆಗಾಲ ಕಳೆದ ಮೇಲೆ ನೋಡಿ ಬನ್ನಿ. ಕಿಡಿಗಳ ಬಿಸಿಗೆ ಅಂಚಿನ ಬಣ್ಣವೂ ಸತುವಿನ ಲೇಪವೂ ಸುಟ್ಟುಹೋಗುತ್ತವೆ, ಹಾರಿದ ಉಕ್ಕಿನ ಪುಡಿ ಬಣ್ಣಕ್ಕೆ ಅಂಟಿಕೊಂಡು ಅಲ್ಲಲ್ಲಿ ತುಕ್ಕಿನ ಚುಕ್ಕೆ ಹಾಕುತ್ತದೆ. ಕತ್ತರಿಯಿಂದ ತೆಗೆದ ಅಂಚಿನಲ್ಲಿ ಪಕ್ಕದ ಸತು ಹಾಗೆಯೇ ಉಳಿದು ತೆಳು ತಗಡಿನ ಬರಿಯ ಅಂಚನ್ನೂ ಒಂದು ಮಟ್ಟಿಗೆ ಕಾಯುತ್ತದೆ. ಹೀಗಾಗಿ ನಮ್ಮ ಕಡೆಯ ಮಳೆಗೆ ಕೈಕತ್ತರಿಯೇ ಸರಿ.

ಪೊಟ್ಟಣವನ್ನು ಹಿಂದಿರುಗಿಸಲು ಹೋದಾಗ ಅಂಗಡಿಯವರು ಬಿಲ್ಲಿನ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು: ‘ಮಾರಿದ ಸರಕನ್ನು ಹಿಂಪಡೆಯಲಾಗುವುದಿಲ್ಲ.’ ಬಿಲ್ಲಿನಲ್ಲಿ ಹೀಗೆ ಅಚ್ಚು ಹಾಕಿಸಿದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯೇ ಇಲ್ಲದಿದ್ದರೆ 30 ದಿನಗಳೊಳಗೆ, ದೋಷವಿರುವ ಸರಕನ್ನು ಹಿಂಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅಷ್ಟೇ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆಂದು ಸಲಕರಣೆ ಕೊಂಡ ನಮ್ಮಂಥವರನ್ನೂ ಅದು ಗ್ರಾಹಕರೆಂದೇ ಎಣಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ದೂರಿನ ಸಂಖ್ಯೆಯನ್ನು ಅಂಗಡಿಗೆ ತಿಳಿಸಿದ ಮೇಲೆ ಕತ್ತರಿಯ ದುಡ್ಡು ವಾಪಸು ಬಂತು. ಆಸ್ಪತ್ರೆಯ ಖರ್ಚಿನ ಮಾತೆತ್ತಿದರೆ, “ಕತ್ತರಿ ಹಿಡಿಯಲು ಬಾರದ ಹುಡುಗನನ್ನು ಇಟ್ಟುಕೊಂಡರೆ ನಾವೇನು ಮಾಡೋಣ?” ಎಂಬ ಉತ್ತರ. ಆ ಹುಡುಗ ನನಗಿಂತ ನುಣ್ಣಗೆ ವೃತ್ತ ತೆಗೆಯುತ್ತಾನೆ.

ನನ್ನ ಕೈಗೆ ಬಂದ ಪೊಟ್ಟಣದ ಗುರುತು ಹೀಗಿದೆ. ಎದುರಿಗೆ ಮೂರು ಬಣ್ಣದ ಹಿಡಿಗಳು ಕಾಣುತ್ತವೆ, ಅಲಗಿನ ಭಾಗವನ್ನು ಮಾತ್ರ ರಟ್ಟು ಮುಚ್ಚಿರುತ್ತದೆ. ಹಿಂಬದಿಯಲ್ಲಿ ಗರಿಷ್ಠ ಮಾರಾಟ ಬೆಲೆಯ ಚೀಟಿ ಇದೆ, ಆದರೆ ಯಾವ ದೇಶದಲ್ಲಿ ತಯಾರಾಯಿತು, ಯಾವ ತಿಂಗಳು ಎಂಬುದಿಲ್ಲ. ಆಮದು ಮಾಡಿಕೊಂಡವರ ವಿಳಾಸ ಅಚ್ಚಾಗಿದೆ, ಅದರ ಪಿನ್‌ಕೋಡಿಗೆ ಐದೇ ಅಂಕಿ. ಹಣ ಹಿಂದಿರುಗಿಸಿದ ದಿನವೂ ಅಂಥವು ಒಂದು ಸರ ಬಾಗಿಲ ಬಳಿ ನೇತಾಡುತ್ತಿದ್ದವು.